ಮಾವನ ಫ್ಲ್ಯಾಶಿಗೆ ಹೊಸ ಸೆಲ್ಲು

ಅಂಕಣ ಬರೆಯುವ ಗಂಡಸಿಗೆ ದೇವರು ಕೊಟ್ಟಿರುವ ರಕ್ಷಣೆ ಒಂದೇ: ಅವನು ಬರೆದದ್ದನ್ನು ಅವನ ಹೆಂಡತಿ ಓದುವುದಿಲ್ಲ. ನನ್ನ ಆ ರಕ್ಷಣೆ ಈ ಬೇಸಿಗೆಯ ಒಂದು ಬುಧವಾರ, ರೊಟ್ಟಿ ಬಡಿಯುವ ಹೊತ್ತಿಗೆ ಕಳಚಿಬಿತ್ತು. ಅಂದಿನಿಂದ ನಾನು ಚಿಪ್ಪು ಕಳೆದುಕೊಂಡ ಆಮೆ.

ಜೇವರ್ಗಿಯ ತಹಸೀಲ ಕಚೇರಿಯ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಶಾಲೆಯಲ್ಲಿ ಓದಿದ್ದು ಹತ್ತನೆಯ ಇಯತ್ತೆ. ಉಳಿದ ವಿದ್ಯೆಯೆಲ್ಲ ಚುರುಮುರಿ ಕಟ್ಟಿಕೊಡುವ ಕಾಗದದಿಂದ ಬಂದದ್ದು (ಹೀಗಾಗಿ ನನಗೆ ಬಹಳ ವಿಷಯಗಳ ಆರಂಭ ಗೊತ್ತು, ಅಂತ್ಯಕ್ಕೆ ಎಣ್ಣೆ ಹತ್ತಿರುತ್ತದೆ). ಇಷ್ಟು ಬಂಡವಾಳದ ಮೇಲೆ ನಾನು ಒಂದು ವಾರಪತ್ರಿಕೆಗೆ 'ಉರಿಗಣ್ಣು' ಎಂಬ ಅಂಕಣ ಬರೆಯುತ್ತೇನೆ. ರಸ್ತೆಯ ತಗ್ಗು, ಬಸ್ಸಿನ ನೂಕಾಟ, ಕಚೇರಿಯ ಲಂಚ, ಹೊಲಕ್ಕೆ ಹಾರಿಬರುವ ಪ್ಲಾಸ್ಟಿಕ್ಕು, ಏನೇ ಇರಲಿ, ಪ್ರತಿ ವಾರ ತಪ್ಪದೆ ಉರಿಯುತ್ತೇನೆ. ಹೆಂಡತಿ ಜಯಮಾಲಾ ಆ ಪತ್ರಿಕೆಯನ್ನು ಮಸಾಲೆ ಡಬ್ಬಿಗಳ ಕೆಳಗೆ ಹಾಸುತ್ತಾಳೆ. ನನ್ನ ಉರಿ ಅಲ್ಲಿ ಖಾರದಪುಡಿಯ ಸಂಗದಲ್ಲಿ ತಣ್ಣಗಾಗುತ್ತದೆ. ಇದು ನಮ್ಮ ದಾಂಪತ್ಯದ ಗುಟ್ಟಾಗಿತ್ತು.

ಆ ಬುಧವಾರ ಹಾಸುವಾಗ ಅವಳ ಕಣ್ಣು ಕೆಳಗೆ ಬಿತ್ತು. 'ಒಗೆಯುವ ಕೈಗೆ ಧಿಕ್ಕಾರ' ಎಂಬ ತಲೆಬರಹ. ಕೆಟ್ಟದ್ದನ್ನು ಒಗೆದು ಹೊಸದನ್ನು ಕೊಳ್ಳುವವನು ಮನುಷ್ಯನಲ್ಲ, ಬರೀ ಗಿರಾಕಿ. ದುರಸ್ತಿ ಎಂಬುದು ಕಸುಬಲ್ಲ, ಧರ್ಮ. ಆಳಂದದ ಮಲಂಗಸಾಬರಂಥವರ ಕೈಗಳು ಇರುವ ತನಕ ಈ ನಾಡಿನಲ್ಲಿ ಯಾವ ರೇಡಿಯೋವೂ ಅನಾಥವಲ್ಲ, ಇತ್ಯಾದಿ. (ಮಲಂಗಸಾಬರನ್ನು ನಾನು ಕಂಡವನಲ್ಲ. ಬಸ್ಸಿನಲ್ಲಿ ಪಕ್ಕ ಕೂತವನೊಬ್ಬ ಹೊಗಳಿದ್ದ.)

"ರೀ, ಇದು ನೀವ ಬರದದ್ದೇನ್ರಿ?"

"ಹೌದು. ಹ್ಯಾಂಗದ?"

"ಖರೇನೇ ಬರದೀರೋ, ಖಾಲಿಪೀಲಿ ಬರದೀರೋ?"

"ನಾ ಬರದದ್ದು ಯಾವತ್ತೂ ಖರೇನೇ ಇರ್ತದ."

"ಹಂಗಾರ ಕೂಡ್ರಿ, ಬಂದೆ."

ಒಳಗಿನ ಟ್ರಂಕಿನಿಂದ ಹಳೆಯ ಸೀರೆಯ ಸೆರಗಿನಲ್ಲಿ ಸುತ್ತಿದ ಗಂಟೊಂದನ್ನು ತಂದು ನನ್ನ ರೊಟ್ಟಿಯ ಪಕ್ಕಕ್ಕಿಟ್ಟಳು. ಬಿಚ್ಚಿದರೆ ಅರ್ಧ ಇಟ್ಟಿಗೆಯಷ್ಟು ದಪ್ಪದ, ಇಡೀ ಇಟ್ಟಿಗೆಯಷ್ಟು ತೂಕದ ಕಪ್ಪು ಪೆಟ್ಟಿಗೆ. ಮುಂದೆ ಹಳದಿಗಟ್ಟಿದ ಗಾಜು, ಹಿಂದೆ ಒಂದು ಕೆಂಪು ಗುಂಡಿ. ನಮ್ಮ ಮಾವ ಚಂದಪ್ಪನವರ ಕ್ಯಾಮೆರಾದ ಫ್ಲ್ಯಾಶು.

ಅಫಜಲಪುರದ ಬಸ್‌ಸ್ಟ್ಯಾಂಡ್ ಹಿಂದೆ ಮಾವನ ಫೋಟೋ ಸ್ಟುಡಿಯೋ ಇತ್ತು. ಭೀಮಾ ನದಿಯ ಎರಡೂ ದಂಡೆಯ ಮದುವೆಗಳಿಗೆ ಒಂದು ಕಾಲದಲ್ಲಿ ಇದೇ ಸೂರ್ಯ. ನಮ್ಮ ಮದುವೆಗೂ ಇದೇ. ಆ ಆಲ್ಬಮ್ಮಿನಲ್ಲಿ ಹೆಣ್ಣಿನ ಕಡೆಯವರು ಅಡುಗೆಯವನ ಸಮೇತ ಇದ್ದಾರೆ. ಗಂಡಿನ ಕಡೆಯಿಂದ ಮದುಮಗ ಎಂಬ ಅನಿವಾರ್ಯಕ್ಕೆ ನಾನೊಬ್ಬ ಇದ್ದೇನೆ. ನನ್ನ ಅವ್ವ, ಕಾಕಾ, ಕೊಳಕೂರಿನ ಅಕ್ಕ ಗುರುಶಾಂತಮ್ಮ, ಯಾರೂ ಇಲ್ಲ. 'ನಿಮ್ಮ ಕಡೆಯವರ ಫಿಲ್ಮ್ ರೋಲಿಗೆ ಬೆಳಕು ಹೊಕ್ಕಿತ್ರಿ, ಫೋಟೋ ಎಲ್ಲಾ ಹೋದ್ವು' ಎಂದು ಮಾವ ಆಗಲೇ ವಿಷಾದಿಸಿದ್ದರು. ಅಕ್ಕ ಮಾತ್ರ ಕಾಲು ಶತಮಾನದಿಂದ ಆ ವಿಷಾದವನ್ನು ಒಪ್ಪಿಕೊಂಡಿಲ್ಲ. ಹಬ್ಬಕ್ಕೆ ಬಂದಾಗಲೆಲ್ಲ ನನ್ನ ಹೆಂಡತಿಗೆ ಕೇಳಿಸುವ ಹಾಗೆ ನಿಟ್ಟುಸಿರು ಬಿಡುತ್ತಾಳೆ.

"ನಮ್ಮ ಅಮೃತಾನ ನಿಶ್ಚಯಕ್ಕ ಅಪ್ಪ ಬರಂಗಿಲ್ಲಂತ," ಎಂದಳು ಜಯಮಾಲಾ.

ಅಮೃತಾ ನಮ್ಮ ಒಬ್ಬಳೇ ಮಗಳು. ಕಲಬುರಗಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಅವಳ ನಿಶ್ಚಯ ಮುಂದಿನ ತಿಂಗಳು, ಅದೂ ಅಫಜಲಪುರದಲ್ಲಿ, ಮಾವನ ಮನೆಯಿಂದ ಕೂಗಳತೆಯ ಕಲ್ಯಾಣಮಂಟಪದಲ್ಲಿ.

"ಯಾಕ ಬರಂಗಿಲ್ಲ? ಕಾಲು ನೋವೇನು?"

"ಕಾಲಲ್ಲ. ಎಲ್ಲಾರ ಕೈಯಾಗ ಫೋನ್ ಬಂದಾಗಿಂದ ಅಪ್ಪ ಯಾವ ಕಾರ್ಯಕ್ಕಾದ್ರೂ ಹೋಗ್ಯಾನೇನು? 'ಚಂದಪ್ಪ ಮದಿವ್ಯಾಗ ನಿಂತಿರತಾನ. ಕುರ್ಚಿ ಮ್ಯಾಲ ಕೂಡೂದಿದ್ರ ನಮ್ಮ ಮನ್ಯಾಗೂ ಕುರ್ಚಿ ಅದಾವ' ಅಂತಾನ. ಕ್ಯಾಮೆರಾ ಇನ್ನೂ ಛಲೋ ಅದ. ಅಮೃತಾ ಆನ್‌ಲೈನಿನ್ಯಾಗ ರೋಲ್ ತರಿಸ್ತಾಳಂತ. ಸತ್ತದ್ದು ಇದೊಂದು." ಫ್ಲ್ಯಾಶನ್ನು ನನ್ನ ಕಡೆ ಸರಿಸಿದಳು. "ಇದು ಹತ್ತಿದ್ರ ಅಪ್ಪ ಬರ್ತಾನ. ಅಪ್ಪ ಬರಲಿಲ್ಲಂದ್ರ ನಾ ಆರತಿ ಹಿಡಿಯಂಗಿಲ್ಲ. ದುರಸ್ತಿ ಧರ್ಮ ಅಂತ ನೀವ ಬರದೀರಿ. ಮಾಡ್ರಿ ಧರ್ಮ."

ನಾನು ಮಾಡಿದೆ. ಅಂದು ಸಂಜೆಯೇ ಫ್ಲ್ಯಾಶಿನ ವೈರನ್ನು ಗೋಡೆಯ ಪ್ಲಗ್ಗಿಗೆ ಸಿಗಿಸಿದೆ. ಜೇನ್ನೊಣ ಕೆಮ್ಮಿದಂಥ ಸದ್ದು ಬಂತು, ದೀಪ ಬರಲಿಲ್ಲ. ವೈರು ಕಿತ್ತು, ಸ್ಕ್ರೂ ಬಿಚ್ಚಿ, ಒಳಗೆ ಬೆರಳಿಟ್ಟೆ. ಪ್ರಿಯ ಓದುಗರೇ, ಫ್ಲ್ಯಾಶಿನ ಹೊಟ್ಟೆಯಲ್ಲಿ ಕೆಪ್ಯಾಸಿಟರ್ ಎಂಬ ಕೊಬ್ಬಿದ ಡಬ್ಬಿಯೊಂದು ಇರುತ್ತದೆ. ಕರೆಂಟನ್ನು ಕುಡಿದು, ಪ್ಲಗ್ಗು ತೆಗೆದ ಮೇಲೂ ಹೊಟ್ಟೆಯಲ್ಲೇ ಇಟ್ಟುಕೊಂಡು, ಮೊದಲು ಮುಟ್ಟಿದವನಿಗೆ ಒಂದೇ ಸಲಕ್ಕೆ ಮುನ್ನೂರು ವೋಲ್ಟು ದಾನ ಮಾಡುವುದು ಅದರ ಸ್ವಭಾವ. ನಾನು ಕುರ್ಚಿ ಸಮೇತ ಹಿಂದಕ್ಕೆ ಬಿದ್ದೆ.

ಅಡುಗೆಮನೆಯಿಂದ ಜಯಮಾಲಾ ಕೇಳಿದಳು. "ಹತ್ತಿತೇನ್ರಿ?"

"ಇಲ್ಲ. ನನಗ ಹೊಡೀತು."

"ಅದು ಹೊಡದಿದ್ದಕ್ಕ ನೀವ್ಯಾಕ ನೆಲದ ಮ್ಯಾಲ ಬಿದ್ದೀರಿ? ಈಗಷ್ಟ ನೆಲಾ ಒರಸೇನಿ."

ಬೆರಳು ನನ್ನದೇ ಎಂದು ಖಾತ್ರಿಯಾದ ಮೇಲೆ ಮತ್ತೆ ಇಣುಕಿದೆ. ರೋಗ ಕಣ್ಣಿಗೆ ಕಾಣುವಂತಿತ್ತು. ಒಂದಕ್ಕೊಂದು ಬೆಸೆದ ನಾಲ್ಕು ಸಣ್ಣ ಸೆಲ್ಲುಗಳು, ಚಾರ್ಜು ಮಾಡಿ ಮಾಡಿ ಮುಪ್ಪಾಗಿ, ಮೈಯೊಡೆದು, ಸುತ್ತಲೂ ಹಸಿರು ಬಿಳುಪಿನ ಪುಡಿ ಕಾರಿಕೊಂಡು ಸತ್ತಿದ್ದವು. ಹೊಸ ನಾಲ್ಕು ಕೂಡಿಸಿದರೆ ಮುಗಿಯಿತು ಎಂದುಕೊಂಡೆ. ನಮ್ಮ ಸರಕಾರಗಳೂ ಎಲ್ಲ ಯೋಜನೆಗಳಲ್ಲಿ ಹೀಗೆಯೇ ಅಂದುಕೊಳ್ಳುತ್ತವೆ.

ಮೊದಲು ಹೋದದ್ದು ನನ್ನ ಅಂಗಡಿಯ ಪಕ್ಕದ ಮೊಬೈಲ್ ಅಂಗಡಿಯ ಅರ್ಬಾಜನ ಹತ್ತಿರ. ಅವನು ಫ್ಲ್ಯಾಶನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅಂಕಲ್, ಇದೇನ್ ದೊಡ್ಡ ಮಾತಲ್ಲ. ನಾಕು ಪೆನ್ಸಿಲ್ ಸೆಲ್ಲಿನ ಪ್ಲಾಸ್ಟಿಕ್ ಡಬ್ಬಿ ಬರ್ತದ. ಅದನ್ನ ಹೊರಗ ಕಟ್ಟಿ ಎರಡು ವೈರ್ ಒಳಗ ಬಿಟ್ರ ಆತು. ಕಾರ್ಯ ಮುಗದ ಮ್ಯಾಲ ಸೆಲ್ ಒಗದ್ ಬಿಡ್ರಿ."

ಒಗೆದು ಬಿಡ್ರಿ. ಯಾರ ಮುಂದೆ ಯಾವ ಮಾತು. ಬಳಸಿ ಒಗೆದ ಸೆಲ್ಲುಗಳು ಮಣ್ಣಿಗಿಳಿದು, ನೀರಿಗಿಳಿದು, ತೊಗರಿಬೇಳೆಯ ಮೂಲಕ ನಮ್ಮ ತಟ್ಟೆಗೇ ಬರುತ್ತವೆಂದು ಅವನಿಗೆ ವಿವರಿಸಿದೆ. ಅವನು ಎರಡು ಫೋನಿಗೆ ಗಾಜು ಅಂಟಿಸಿ ಮುಗಿಸುವ ತನಕ ವಿವರಿಸಿದೆ.

"ಅಂಕಲ್, ಒಂದ ದಿನದ ಕಾರ್ಯ ಅಲ್ಲೇನು?"

"ಪ್ರಶ್ನೆ ದಿನದ್ದಲ್ಲಪಾ, ಭೂಮಿದು."

ಅವನು ಭೂಮಿಯ ಕಡೆಗೊಮ್ಮೆ ನೋಡಿ, ಮೂರನೆಯ ಫೋನನ್ನು ಕೈಗೆತ್ತಿಕೊಂಡ. ಆ ದಿನ ನನ್ನ ಅಂತಃಸಾಕ್ಷಿಗೆ ಜ್ವರವಾದರೂ ಬಂದು ಮಲಗಬಾರದಿತ್ತೇ ಎಂದು ಈಗ ಅನಿಸುತ್ತದೆ.

ಹೀಗೆ ನಾನು ಕಲಬುರಗಿಯಲ್ಲಿ ಬಸ್ಸು ಬದಲಿಸಿ ಆಳಂದಕ್ಕೆ ಹೋದೆ. ಮಲಂಗಸಾಬರ ಅಂಗಡಿಯಲ್ಲಿ ಬಿಚ್ಚಿದ ರೇಡಿಯೋಗಳ ಕರುಳುಗಳನ್ನು ನಿರೀಕ್ಷಿಸಿದ್ದೆ. ಅಲ್ಲಿ ಹೊಚ್ಚ ಹೊಸ ಇನ್ವರ್ಟರುಗಳು ಹೂವಿನ ಹಾರ ಹಾಕಿಕೊಂಡು ಸಾಲಾಗಿ ಕೂತಿದ್ದವು. ಬಾಗಿಲ ಹೊರಗೆ ಮಿಕ್ಸರು, ಫ್ಯಾನು, ಇಸ್ತ್ರಿಪೆಟ್ಟಿಗೆಗಳ ಸಣ್ಣ ಗುಡ್ಡೆ.

"ರಿಪೇರಿನಾ?" ಮಲಂಗಸಾಬರು ನನ್ನ ಚೀಲ ನೋಡಿದ್ದೇ ಎದ್ದುನಿಂತರು. "ಆ ಧಂದಾ ಬಿಟ್ಟು ಜಮಾನಾ ಆತು ಸಾಹೇಬ್ರ. ಯಾವನೋ ಪೇಪರಿನವ ನನ್ನ ಹೆಸರ ಹಾಕ್ಯಾನಂತ. ದುರಸ್ತಿ ಧರ್ಮ ಅಂತ. ಅವತ್ತಿನಿಂದ ಊರ ಮಂದಿ ಕೆಟ್ಟದ್ದೆಲ್ಲಾ ತಂದು ನನ್ನ ಬಾಗಲಾಗ ಒಗದ್ ಹೋಗಾಕತ್ತಾರ. ಆ ಮನಷ್ಯಾ ಒಂದ ಸಲ ಕೈಗೆ ಸಿಗಲಿ. ಆ ಮಿಕ್ಸರ್ ಎಲ್ಲಾ ಅವನ ತಲಿ ಮ್ಯಾಲ ಹೊರಿಸಿ ಕಳಸ್ತೇನಿ. ನೀವ್ ಎಲ್ಲಿಯವ್ರು?"

"ಅಫಜಲಪುರದ ಅಳಿಯ," ಎಂದೆ. ಸುಳ್ಳಲ್ಲವಲ್ಲ.

ಅವರು ಗೊಣಗುತ್ತಲೇ ನಾಲ್ಕು ಹೊಸ ಚಾರ್ಜಿಂಗ್ ಸೆಲ್ಲು ಕೊಟ್ಟರು. ಎರಡೂ ತುದಿಗೆ ಕಿವಿಯಂಥ ತಗಡಿನ ಪಟ್ಟಿ. "ಬೆಸುಗಿ ಈ ಕಿವಿಗೆ ಹಚ್ಚ್ರಿ. ಮೈಗೆ ಹಚ್ಚಬ್ಯಾಡ್ರಿ, ಶಾಖಕ್ಕ ಸಾಯ್ತಾವ."

ಮನೆಗೆ ಬಂದು ಹಳೆಯ ಪುಡಿ ತೊಳೆಯಲು ನಿಂಬೆರಸ ಹಾಕಿದೆ (ಉಪ್ಪಿನಕಾಯಿಗೆಂದು ಇಟ್ಟಿದ್ದ ನಿಂಬೆಹಣ್ಣೆಂದು ಆಮೇಲೆ ಬಹಳ ವಿಸ್ತಾರವಾಗಿ ತಿಳಿಸಲಾಯಿತು). ಸೆಲ್ಲುಗಳು ಕಿವಿ ಸಮೇತ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ. ನಾನು ಕಿವಿ ಕತ್ತರಿಸಿದೆ. ಕತ್ತರಿಸಿದ ಮೇಲೆ ಬೆಸುಗೆ ಹಚ್ಚಲು ಮೈ ಒಂದೇ ಉಳಿದಿತ್ತು. ಮೊದಲನೆಯದು ಕಾದು, ಹಾವಿನ ಹಾಗೆ ಬುಸ್ ಎಂದು, ಟೇಬಲ್ಲಿನ ಮೇಲೆ ಬಾಯಿ ಬಿಟ್ಟು ಸತ್ತಿತು.

"ಆ ಮಲಂಗಸಾಬ ಕಿವಿ ಯಾಕ ಕೊಟ್ಟಿದ್ದ?" ಎಂದಳು ಜಯಮಾಲಾ.

"ಬೆಸುಗಿ ಹಚ್ಚಾಕ."

"ನಿಮಗೂ ಎರಡು ಕೊಟ್ಟಾನ ದೇವರು. ಅವನ್ನೂ ಕತ್ತರಿಸಿ ಇಟ್ಟೀರೇನು, ಅವ ಹೇಳಿದ್ದು ಕೇಳಿಸಲಿಲ್ಲೇನು?"

ಮತ್ತೆ ಆಳಂದ. ಒಂದು ಸೆಲ್ಲು ಸಾಕು ಎಂದೆ.

"ಸಾಲಂಗಿಲ್ಲ," ಎಂದರು ಮಲಂಗಸಾಬರು. "ನಾಕೂ ಒಂದ ವಯಸ್ಸಿನವು ಇರಬೇಕು. ಒಂದು ಸಣ್ಣದು ಇತ್ತಂದ್ರ ಉಳದವು ಅದನ್ನ ತಿಂತಾವ. ಕೂಡುಕುಟುಂಬ ನೋಡಿಲ್ಲೇನು?" ಕಿವಿಯಿಲ್ಲದ ನನ್ನ ಮೂರು ಸೆಲ್ಲುಗಳನ್ನು ಅಂಗೈಯಲ್ಲಿಟ್ಟುಕೊಂಡು, ಸಾವಿನ ಮನೆಗೆ ಬಂದವರ ಹಾಗೆ ತಲೆಯಾಡಿಸಿದರು. "ಕೊಡ್ರಿಲ್ಲಿ ಪೆಟ್ಟಿಗಿ. ನಾ ಇದನ್ನ ಪ್ರೀತಿಗೆ ಮಾಡಾಕತ್ತಿಲ್ಲ. ನೀವು ಮೂರನೇ ಸಲ ಬರಬಾರದು ಅಂತ ಮಾಡಾಕತ್ತೇನಿ."

ನನ್ನ ಅಂಕಣದಲ್ಲಿ ಹೊಗಳಿದ್ದ ಆ ಕೈಗಳನ್ನು ಕೊನೆಗೂ ಕೆಲಸದಲ್ಲಿ ನೋಡಿದೆ. ಅವು ಬಿಚ್ಚಿದ ಸ್ಕ್ರೂಗಳನ್ನು ಸಿಟ್ಟಿನಲ್ಲಿ ಟೇಬಲ್ಲಿಗೆ ಬಡಿಯುತ್ತಿದ್ದವು. ಆದರೂ ಹೊಸ ನಾಲ್ಕು ಸೆಲ್ಲು ತೆಗೆದು, ಕಿವಿಗಳನ್ನು ಮಡಚಿ, ನಾಲ್ಕನ್ನೂ ಬೆಸೆದು, ಮುಚ್ಚಳ ಹಾಕಿ ಕೊಟ್ಟರು.

ಇಡೀ ಒಂದು ದಿನ ಚಾರ್ಜಾಯಿತು. ಅಮೃತಾ ರಜೆಗೆ ಬಂದಿದ್ದಳು. ಮೂವರೂ ಫ್ಲ್ಯಾಶಿನ ಸುತ್ತ ಕೂತೆವು. ಸ್ವಿಚ್ಚು ಸರಿಸಿದೆ. ಎಲ್ಲೋ ದೂರದಿಂದ ಬರುವ ಹಾಗೆ 'ಕೀಂ' ಎಂಬ ಸಣ್ಣ ಸಿಳ್ಳೆ ಶುರುವಾಗಿ, ಏರುತ್ತ ಏರುತ್ತ ಕಿವಿಗೆ ಸಿಗದಷ್ಟು ತೆಳ್ಳಗಾಯಿತು. ಹಿಂದೆ ಕಿತ್ತಳೆ ಬಣ್ಣದ ಚುಕ್ಕೆ ಹೊತ್ತಿಕೊಂಡಿತು.

ಜಯಮಾಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಪ್ಪ ಮದಿವಿ ಫೋಟೋ ಮುಗಿಸಿ ಬಂದ್ರ, ಚೀಲ ಇಳಸೂಕ್ಕಿಂತ ಮೊದಲ ಈ ಸಪ್ಪಳ ಕೇಳಸ್ತಿತ್ತು. ಒಂದು ಬೆಳಕು ನಮ್ಮ ಸಲುವಾಗಿ ಉಳಿಸಿರ್ತಿದ್ದ."

ನಾನು ಫ್ಲ್ಯಾಶನ್ನು ಕೈಗೆತ್ತಿಕೊಂಡೆ. "ಈಗ ಇದನ್ನ ಹೊಡಿಯೂದು ಹ್ಯಾಂಗ? ಕ್ಯಾಮೆರಾ ಅಫಜಲಪುರದಾಗ ಅದಲ್ಲ."

"ಹಿಂದಿನ ಕೆಂಪು ಗುಂಡಿ ಒತ್ರಿ. ಕ್ಯಾಮೆರಾ ಇಲ್ಲದೇನೂ ಬೆಳಕು ಬರ್ತದ."

"ಫೋಟೋ ಇಲ್ಲದ ಬೆಳಕು ಯಾತಕ್ಕ ಬೇಕು?"

ಅವಳು ಫ್ಲ್ಯಾಶಿನ ಮೇಲೆ ಇಲ್ಲದ ಧೂಳನ್ನು ಒರೆಸಿದಳು. "ಹಿಂಗ... ಪರೀಕ್ಷಾ ಮಾಡಾಕ."

ಒತ್ತಿದೆ. ಮುಂಭಾಗ ನನ್ನ ಕಡೆಗಿದ್ದದ್ದರಿಂದ ಸ್ವಲ್ಪ ಹೊತ್ತು ಹೆಂಡತಿ ಮಗಳು ಇಬ್ಬರೂ ಹಸಿರಾಗಿ ಕಂಡರು. ಆದರೆ ಎದೆ ಉಬ್ಬಿತ್ತು. ನಾನು ಬರೆದದ್ದೊಂದು ಲೋಕದಲ್ಲಿ ನಿಜವಾದದ್ದು ಅದೇ ಮೊದಲು.

ನಿಶ್ಚಯದ ದಿನ ಬೀಗರ ಕಡೆಯವರು ಡ್ರೋನ್ ತರಿಸಿದ್ದರು. ಅದು ಮಂಟಪದೊಳಗೆ ಗುಂಗಿ ಹುಳದ ಹಾಗೆ ಸುತ್ತುತ್ತಿತ್ತು. ಆದರೂ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಕೊರಳಿಗೆ ಕ್ಯಾಮೆರಾ, ಎಡಗೈಯಲ್ಲಿ ಫ್ಲ್ಯಾಶು ಹಿಡಿದು ಮಾವ ಬಾಗಿಲಲ್ಲಿ ಕಾಣಿಸಿದಾಗ ಜನ ಅತ್ತ ತಿರುಗಿದರು. ಕುರ್ಚಿ ತಂದವನನ್ನು ಮಾವ ಕಣ್ಣಲ್ಲೇ ಕಳಿಸಿದರು. ಜಯಮಾಲಾ ಆರತಿ ತಟ್ಟೆ ಎತ್ತಿಕೊಂಡಳು.

ಆಮೇಲೆ ನಡೆದದ್ದು ಉತ್ಸವ. "ಏ ತಂಗಿ, ಗದ್ದ ಜರಾ ಮ್ಯಾಲ." "ಯಜಮಾನ್ರ, ಉಸರು ಬಿಡಬ್ಯಾಡ್ರಿ." ಝಗ್ ಎಂದು ಬೆಳಕು, ಕೀಂ ಎಂದು ಸಿಳ್ಳೆ, ಮತ್ತೆ ಝಗ್. ಸಕ್ಕರೆ ತಿನ್ನಿಸಿದ್ದು, ಉಂಗುರ ತೊಡಿಸಿದ್ದು, ಸೀರೆ ಕೊಟ್ಟು ಉಡಿ ತುಂಬಿದ್ದು, ಯಾವುದೂ ಆ ಬೆಳಕಿನಿಂದ ತಪ್ಪಿಸಿಕೊಳ್ಳಲಿಲ್ಲ. ಮಾವ ಹಳೆಯ ಹರೆಯದಲ್ಲಿದ್ದರು.

ನನ್ನ ಕಡೆಯವರು ಜೇಬಿನಿಂದ ಫೋನು ತೆಗೆದರು. ನಾನು ತಡೆದೆ. "ಒಳಗಿಡ್ರಿ ಆ ಆಟಿಗಿ ಸಾಮಾನು. ಖರೇ ಫೋಟೋ ಅಂದ್ರೇನು ಅಂತ ಇವತ್ತರ ತಿಳಕೋರಿ. ಮಾಮಾರು ತೆಗೀತಾರ." ಎಲ್ಲರೂ ಇಟ್ಟರು. ಕೊಳಕೂರಿನ ಅಕ್ಕ ಗುರುಶಾಂತಮ್ಮ ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು ಎಲ್ಲರಿಗಿಂತ ಮುಂದೆ ನಿಂತಳು. ಕಾಲು ಶತಮಾನದ ಬಾಕಿ. ಮಾವ ಅವಳಿಗೆ ಒಂದಲ್ಲ, ಹಲವು ಸಲ ಬೆಳಕು ಹೊಡೆದರು. ಕೂತಂತೆ, ನಿಂತಂತೆ, ನಗುವಂತೆ, ಗಂಭೀರವಾಗಿರುವಂತೆ. ಅಕ್ಕ ನನ್ನ ಕಿವಿಯಲ್ಲಿ, "ತಮ್ಮಾ, ನಿಮ್ಮ ಮಾವ ಅಂಥಾ ಕೆಟ್ಟ ಮನಷ್ಯಾ ಏನಲ್ಲ ಬಿಡು," ಎಂದಳು.

ನನಗಂತೂ ಲೆಕ್ಕವಿಲ್ಲ. ನಾನು ಎಲ್ಲಿ ನಿಂತರೆ ಅಲ್ಲಿ ಝಗ್. ಬೀಗರ ಜೊತೆ, ಪುರೋಹಿತರ ಜೊತೆ, ಕೈಯಲ್ಲಿ ನನ್ನ ಅಂಕಣದ ಪತ್ರಿಕೆ ಹಿಡಿದು ಪಕ್ಕಕ್ಕೆ ನೋಡುತ್ತ. ಮದುವೆಯಾದಾಗಿನಿಂದ ಈ ಮನುಷ್ಯ ನನ್ನನ್ನು ಇಷ್ಟು ಸಲ ನೋಡಿಯೇ ಇರಲಿಲ್ಲ. ದುರಸ್ತಿ ಮಾಡಿದ್ದು ಫ್ಲ್ಯಾಶನ್ನಲ್ಲ, ಒಂದು ಸಂಬಂಧವನ್ನು ಎಂಬ ವಾಕ್ಯ ತಲೆಯಲ್ಲಿ ಮೂಡಿತು. ಮುಂದಿನ ವಾರದ ಅಂಕಣಕ್ಕೆಂದು ಎತ್ತಿಟ್ಟೆ.

ರೋಲು ಪುಣೆಗೆ ಹೋಗಿ, ತೊಳೆಸಿಕೊಂಡು ಫೋಟೋ ಆಗಿ ಬಂತು. ಕವರು ನೇರ ಅಫಜಲಪುರಕ್ಕೆ ತರಿಸಿದ್ದರು ಮಾವ. ನಾವು ಮೂವರೂ ಹೋದೆವು. ಮೂವತ್ತಾರು ಫೋಟೋ, ಮೂವತ್ತಾರೂ ಮುತ್ತು. ಮಗಳು ನಗುತ್ತಿದ್ದಳು, ಅಳಿಯನಾಗುವವನು ನಾಚುತ್ತಿದ್ದ, ಬೀಗರು ದೇವರಂತಿದ್ದರು, ಜಯಮಾಲಾ ಆರತಿಯ ಬೆಳಕಿನಲ್ಲಿ ಮದುವಣಗಿತ್ತಿಯಂತಿದ್ದಳು. ಹುಗ್ಗಿ ಬಡಿಸುತ್ತಿದ್ದ ಅಡುಗೆಯವನೂ ಇದ್ದ. ನಾನು ಮೊದಲಿನಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ನೋಡಿದೆ.

"ಮಾಮಾರ, ಇದರಾಗ ನಾ ಎಲ್ಲಿ ಅದೇನ್ರಿ?"

ಮಾವ ಕನ್ನಡಕ ಏರಿಸಿ ಒಂದು ಫೋಟೋದ ಎಡ ಅಂಚಿಗೆ ಬೆರಳಿಟ್ಟರು. "ಇಲ್ಲಿ. ಮೊಣಕೈ."

"ಉಳದದ್ದು? ನಮ್ಮ ಅಕ್ಕ? ನಮ್ಮ ಕಾಕಾನ ಮಕ್ಕಳು? ಅಷ್ಟೊಂದು ಹೊಡದ್ರಲ್ರಿ."

ಮಾವ ಜಯಮಾಲಾಳ ಮುಖ ನೋಡಿದರು. ಜಯಮಾಲಾ ಗೋಡೆಯ ಕ್ಯಾಲೆಂಡರ್ ನೋಡಿದಳು. ಅಮೃತಾಳಿಗೆ ನಗು ತಡೆಯಲಾಗಲಿಲ್ಲ. "ಅಪ್ಪಾ, ಮುತ್ಯಾ ಕೆಂಪು ಗುಂಡಿ ಒತ್ಯಾನ."

"ಹೇಳಿಬಿಡ್ತೇನಿ ಅಳಿಯಂದ್ರ," ಎಂದರು ಮಾವ, ಕಳ್ಳನಂತಲ್ಲ, ಗುರುವಿನಂತೆ. "ರೋಲಿನ್ಯಾಗ ಇರೂದು ಮೂವತ್ತಾರು. ಮದಿವಿಗೆ ಬರೂದು ಊರು. ಎಲ್ಲಾರಿಗೂ ಫೋಟೋ ಬೇಕು. ಇಲ್ಲಂದ್ರ ಸಿಟ್ಟು, ಜಗಳ. ಅದಕ್ಕ ನಮ್ಮ ಧಂದೇದಾಗ ಖಾಲಿ ಬೆಳಕು ಅಂತ ಒಂದಿತ್ತು. ಕ್ಯಾಮೆರಾ ಕಣ್ಣಿಗೆ ಹಿಡಿಯೂದು, ಹೆಬ್ಬಟ್ಟಿನಿಂದ ಫ್ಲ್ಯಾಶಿನ ಗುಂಡಿ ಒತ್ತೂದು. ಮಂದಿಗೆ ಬೆಳಕು ಕಂಡ್ರ ಸಾಕು, ಮಾರಿ ಅರಳಿಸಿಕೊಂಡು ಊಟಕ್ಕ ಹೋಗ್ತಿದ್ರು."

"ನಮ್ಮ ಮದಿವ್ಯಾಗ?"

"ಅದರಾಗೂ."

"ರೋಲಿಗೆ ಬೆಳಕು ಹೊಕ್ಕಿತ್ತು ಅಂದಿದ್ರಿ."

"ನಿಮ್ಮವರ ಸಲುವಾಗಿ ರೋಲೇ ಹೊಕ್ಕಿದ್ದಿಲ್ಲ, ಬೆಳಕು ಎಲ್ಲಿಂದ ಹೊಗಬೇಕು." ಫ್ಲ್ಯಾಶನ್ನು ಮಗುವಿನ ಬೆನ್ನು ಸವರುವ ಹಾಗೆ ಸವರಿದರು. "ಆದ್ರ ಒಂದ ಮಾತು ಹೇಳ್ತೇನಿ, ನಿಮ್ಮ ಸೆಲ್ಲು ಅಂದ್ರ ಸೆಲ್ಲು. ಹಳೀವು ಅರ್ಧಾ ಮದಿವಿಗೇ ಸುಸ್ತಾಗ್ತಿದ್ವು. ಖಾಲಿ ಹೊಡೀಬೇಕಂದ್ರ ಕೈ ಹಿಡದು ಹೊಡೀಬೇಕಿತ್ತು. ಇವು ಮುಗಿಯವಲ್ವು. ಜನ್ಮದಾಗ ಇಷ್ಟು ಧಾರಾಳ ಖಾಲಿ ಬೆಳಕು ನಾ ಯಾರಿಗೂ ಹೊಡದಿಲ್ಲ. ಎಲ್ಲಾ ನಿಮ್ಮ ಪುಣ್ಯಾ."

ನನ್ನ ಪುಣ್ಯ. ಎರಡು ಸಲ ಆಳಂದ, ಮುನ್ನೂರು ವೋಲ್ಟು, ಒಂದು ಬುಟ್ಟಿ ನಿಂಬೆಹಣ್ಣು. ಅರ್ಬಾಜನ ಮಾತು ಕೇಳಿ ಪೆನ್ಸಿಲ್ ಸೆಲ್ಲು ಹಾಕಿದ್ದರೆ ನಡುವೆ ಎಲ್ಲಾದರೂ ಸತ್ತು, ಜನ ತಮ್ಮ ಫೋನು ಹೊರತೆಗೆದು, ನಾವೂ ಈ ಭೂಮಿಯ ಮೇಲೆ ಇದ್ದೆವೆಂಬುದಕ್ಕೆ ಏನಾದರೂ ಸಾಕ್ಷಿ ಉಳಿಯುತ್ತಿತ್ತು. ಬೀಗರ ಡ್ರೋನಿನ ಫೋಟೋದಲ್ಲಿ ನಾನಿದ್ದೇನೆ, ಅದು ಖರೆ. ಮೇಲಿಂದ. ಬೋಳುತಲೆ ಮಾತ್ರ.

ಸಿಟ್ಟು ನೆತ್ತಿಗೇರಿತು. ಇದನ್ನು ಬರೆಯಲೇಬೇಕು ಎಂದುಕೊಂಡೆ. ಮಾವನಾದರೇನು, ಮೋಸ ಮೋಸವೇ. 'ಖಾಲಿ ಬೆಳಕು' ಎಂದು ತಲೆಬರಹವನ್ನೂ ಇಟ್ಟೆ. ಅಷ್ಟರಲ್ಲಿ ಫೋನು ಗುಣುಗುಟ್ಟಿತು. ಕೊಳಕೂರಿನಿಂದ ಅಕ್ಕ.

"ತಮ್ಮಾ, ಫೋಟೋ ಬಂದಾವಂತ? ಹ್ಯಾಂಗ ಬಿದ್ದಾವಲೇ ನಮ್ಮವು? ನಾ ಗ್ವಾಡಿಗೆ ಮೊಳಿ ಬಡಿಸಿ ಇಟ್ಟೇನಿ, ದೊಡ್ಡದೊಂದು ಮಾಡಿಸಿ ಕಳಸು."

ಮಾವ ಫ್ಲ್ಯಾಶಿನ ಗಾಜು ಒರೆಸುವುದನ್ನು ನಿಲ್ಲಿಸಿದರು. ಜಯಮಾಲಾ ನನ್ನ ಕಡೆ ತಿರುಗಿದಳು. ಅವರಪ್ಪ ಎಷ್ಟೋ ವರ್ಷದ ಮೇಲೆ ಒಂದು ಕಾರ್ಯದಲ್ಲಿ ನಿಂತಿದ್ದ ಆ ಮಧ್ಯಾಹ್ನ ಅವಳ ಮುಖದಲ್ಲಿ ಇನ್ನೂ ಆರಿರಲಿಲ್ಲ. ನಿಜ ಹೇಳಿದರೆ ಅಕ್ಕ ಅಮೃತಾಳ ಮದುವೆಗೆ ಬರುವುದಿಲ್ಲ. ನಿಜ ಬರೆದರೆ ಮಾವ ಬರುವುದಿಲ್ಲ. ಪ್ರತಿ ವಾರ ಉರಿಯುವ ಅಂತಃಸಾಕ್ಷಿಯನ್ನು ಹುಡುಕಿದೆ. ಅದು ಆ ಹೊತ್ತಿಗೆ ಮನೆಯಲ್ಲಿರಲಿಲ್ಲ.

"ಏನ್ ಹೇಳ್ಲಿ ಅಕ್ಕಾ," ಎಂದೆ. "ನಮ್ಮ ಕಡೆಯವರ ರೋಲಿಗೆ ಬೆಳಕು ಹೊಕ್ಕದಂತ."

ಅತ್ತ ಕಡೆಯ ನಿಟ್ಟುಸಿರು ಕೊಳಕೂರಿನಿಂದ ಅಫಜಲಪುರದ ತನಕ ಫೋನಿಲ್ಲದೆಯೂ ಬರುವಂತಿತ್ತು. ನಾನು ಫೋನ್ ಕೆಳಗಿಟ್ಟೆ. ಜಯಮಾಲಾ ಚಹಾ ಇಡಲು ಒಳಗೆ ಹೋದಳು, ಸಕ್ಕರೆ ಡಬ್ಬಿಗೆ ಚಮಚ ಒಂದು ಸಲ ಹೆಚ್ಚು ಇಳಿದದ್ದು ಕೇಳಿಸಿತು.

ಮಾವ ಎದ್ದು ನನ್ನ ಎದುರಿಗೆ ಬಂದರು. ಆಮೇಲೆ ಫ್ಲ್ಯಾಶಿನ ಸ್ವಿಚ್ಚು ಸರಿಸಿದರು. ಕೀಂ ಎಂದಿತು. ಕಿತ್ತಳೆ ಚುಕ್ಕೆ ಹೊತ್ತಿಕೊಂಡಿತು.

"ಇವತ್ತ ನೀವು ನಮ್ಮ ಸ್ಟುಡಿಯೋದವ್ರಾದ್ರಿ ಅಳಿಯಂದ್ರ. ನಿಲ್ರಿ, ನಿಮ್ಮದೊಂದು ತೆಗೀತೇನಿ."

ಕ್ಯಾಮೆರಾ ಎದುರಿನ ಗೋಡೆಯ ಗೂಟಕ್ಕೆ ಜೋತು ಬಿದ್ದಿತ್ತು. ಮಾವನ ಕೈಯಲ್ಲಿ ಫ್ಲ್ಯಾಶ್ ಬಿಟ್ಟರೆ ಬೇರೇನೂ ಇರಲಿಲ್ಲ. ಇದನ್ನು ನಾನು ನನ್ನ ಎರಡೂ ಕಣ್ಣುಗಳಿಂದ ನೋಡಿದೆ. ನೋಡಿಯೂ ಎದ್ದು ನಿಂತೆ. ಕಾಲರ್ ಸರಿಮಾಡಿಕೊಂಡೆ.

"ಗದ್ದ ಜರಾ ಮ್ಯಾಲ," ಎಂದರು ಮಾವ.

ಎತ್ತಿದೆ.